ಸಾಹುಕಾರರ ಕೈಯಲ್ಲಿ ನಿಂತ ವಾಚು

ಅಪ್ಪನ ವಾಚನ್ನು ಮಾರಿದೆ ಎಂದರೆ ಜನರ ಮುಖ ಸಣ್ಣದಾಗುತ್ತದೆ. "ಅಯ್ಯೋ, ನೆನಪಿಗೆ ಅಂತ ಇಟ್ಕೊಬಾರ್ದಿತ್ತಾ?" ಎನ್ನುತ್ತಾರೆ. ಅಪ್ಪನನ್ನು ನೆನೆಯಲು ನನಗೆ ವಾಚು ಬೇಕಿಲ್ಲ. ಕನ್ನಡಿ ನೋಡಿಕೊಂಡರೆ ಸಾಕು, ಅದೇ ಮೂಗು, ಅದೇ ಹಟ. ಆಗ ನನಗೆ ಬೇಕಿದ್ದದ್ದು ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನು. ಸಕಲೇಶಪುರದ ಬಸ್ ಸ್ಟ್ಯಾಂಡಿನ ಪಕ್ಕದ ನನ್ನ ಟೈಲರಿಂಗ್ ಅಂಗಡಿಗೆ ಬಂದ ಹೆಂಗಸರು ಚೂಡಿದಾರದ ಒಳಮಗ್ಗುಲು ತಿರುಗಿಸಿ ನೂಲು ಎಳೆದು ತೋರಿಸಿ ಹೋಗುತ್ತಿದ್ದ ಕಾಲ ಅದು. ಅಳುತ್ತಾ ಮಾರಿದೆ, ಮಾರಿದ ಮೇಲೆ ಊಟ ಸೇರಲಿಲ್ಲ ಎಂದೆಲ್ಲ ಬರೆದರೆ ಓದುವವರಿಗೆ ಹಿತವಾಗಬಹುದು. ಹಾಗೇನೂ ಆಗಲಿಲ್ಲ. ತಲೆ ಎತ್ತಿಕೊಂಡೇ ಮಾರಿದೆ. ಹಾಗೆ ಮಾರುವುದಕ್ಕೆ ಮಾತ್ರ ಜಗಳ ಆಡಬೇಕಾಯಿತು.

ಅಪ್ಪ ಪ್ರೈವೇಟ್ ಬಸ್ಸುಗಳ ಏಜೆಂಟ್ ಆಗಿದ್ದ. ಏಜೆಂಟ್ ಎಂದರೆ ಮೇಜು ಕುರ್ಚಿ ಇರುವ ಕೆಲಸವಲ್ಲ. ಬೆಳಿಗ್ಗೆಯಿಂದ ಕತ್ತಲಾಗುವ ತನಕ ಬಸ್ ಸ್ಟ್ಯಾಂಡಿನಲ್ಲಿ ನಿಂತಿರಬೇಕು. "ಹೆತ್ತೂರು, ಹೆತ್ತೂರು, ಯಾರ್ರೀ ಹೆತ್ತೂರು!" ಎಂದು ಕೈ ಬೀಸಿ ಕೂಗಿ ಜನರನ್ನು ಹತ್ತಿಸಬೇಕು. ಪಾರ್ಸೆಲ್ ಮೇಲಕ್ಕೆ ಹಾಕಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕು ಎಂದು ಹೇಳಬೇಕು. ಯಸಳೂರಿನ ಬಸ್ಸು ಸ್ವಲ್ಪ ತಡ ಮಾಡಿದರೆ ಹಿಂದಿನ ಬಸ್ಸಿನ ಜನವೆಲ್ಲ ಅದಕ್ಕೇ ಹತ್ತಿಬಿಡುತ್ತಿದ್ದರು, ಡ್ರೈವರುಗಳು ಕೊರಳಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಆಗ ಅಪ್ಪ ಮಧ್ಯೆ ನಿಂತು ಹೇಳಿದ್ದೇ ಟೈಮು. ಮಾತು ಮುಗಿದ ಮೇಲೆ ಎಡಗೈಯಿಂದ ಬಸ್ಸಿನ ಮೈಮೇಲೆ ಧಡ್ ಧಡ್ ಎಂದು ಎರಡು ಏಟು ಹೊಡೆಯುತ್ತಿದ್ದ. ಎರಡು ಏಟೆಂದರೆ ರೈಟ್, ಹೊರಡು ಎಂದು. ಒಂದೇ ಏಟೆಂದರೆ ನಿಲ್ಲು ಎಂದು. ಡ್ರೈವರುಗಳು ತಿರುಗಿಯೂ ನೋಡದೆ ಆ ಏಟಿನ ಮೇಲೆ ಬಸ್ಸು ಎತ್ತುತ್ತಿದ್ದರು.

ಇಷ್ಟೆಲ್ಲ ಟೈಮು ಹೇಳುವವನ ಕೈಯಲ್ಲಿ ಮೊದಲು ವಾಚೇ ಇರಲಿಲ್ಲ. ಎದುರಿನ ಹೋಟೆಲಿನ ಗೋಡೆ ಗಡಿಯಾರ ನೋಡಿ ಕೆಲಸ ನಡೆಸುತ್ತಿದ್ದ. ಹೋಟೆಲಿನವರಿಗೆ ಬೇಜಾರಾದ ದಿನ ಬಾಗಿಲಿಗೆ ಅಡ್ಡ ನಿಂತುಬಿಡುತ್ತಿದ್ದರು.

ವಾಚು ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ. ಅವತ್ತು ಅಪ್ಪನ ಊಟದ ಕ್ಯಾರಿಯರ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಹೆತ್ತೂರು ಕಡೆಯ ದೊಡ್ಡ ಎಸ್ಟೇಟೊಂದರ ಸಾಹುಕಾರರ ಜೀಪು ಬಂದು ನಿಂತಿತು. ಅವರ ಪಂಪ್‌ಸೆಟ್ಟಿನ ಸಾಮಾನು ಹಾಸನದಿಂದ ಬಸ್ಸಿನಲ್ಲಿ ಬಂದಿತ್ತು. ಸಾಹುಕಾರರು ಜೀಪಿನಿಂದ ಇಳಿಯಲಿಲ್ಲ. ಅಪ್ಪ ಆ ಮಣಭಾರದ ಪೆಟ್ಟಿಗೆಯನ್ನು ಹೊತ್ತು ತಂದು ಹಿಂದೆ ಇಟ್ಟ.

"ಟೈಮೆಷ್ಟೋ?" ಎಂದು ಸಾಹುಕಾರರು ಕೇಳಿದರು. ಅವರ ಕೈಯಲ್ಲೇ ದೊಡ್ಡ ವಾಚಿತ್ತು. ಅಪ್ಪ ಹೋಟೆಲಿನ ಗಡಿಯಾರದ ಕಡೆ ಕತ್ತು ಚಾಚಿ ಟೈಮು ಹೇಳಿದ.

ಸಾಹುಕಾರರಿಗೆ ರೇಗಿತು. "ಇದೊಂದು ಶನಿ. ಫಾರಿನ್ನಿಂದ ತಂದಿದ್ದು, ಆಟೋಮ್ಯಾಟಿಕ್ ಅಂತೆ, ಕೀ ಕೊಡೋದೇ ಬೇಡ್ವಂತೆ. ದಿನಾ ಬೆಳಗಾಗೆದ್ದು ನೋಡಿದ್ರೆ ನಿಂತಿರ್ತದೆ. ರಿಪೇರಿಗೆ ಕೊಟ್ರೆ ಅಂಗಡೀಲಿ ಓಡ್ತದೆ, ಬಂಗ್ಲೆಗೆ ತಂದ್ರೆ ನಿಲ್ತದೆ." ಹೇಳುತ್ತಲೇ ಕೈಯಿಂದ ಬಿಚ್ಚಿ ಅಪ್ಪನ ಅಂಗೈಗೆ ಹಾಕಿದರು. "ತಗೋ, ನೀನಾದ್ರೂ ಇಟ್ಕೋ. ಬೇಡಾಂದ್ರೆ ಬಿಸಾಕು."

ಜೀಪು ಹೋಯಿತು. ಕ್ಯಾರಿಯರ್ ಹಿಡಿದುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. ಈ ಕಣ್ಣಿಂದ ನೋಡಿದ್ದೇನೆ, ಈ ಕಿವಿಯಿಂದ ಕೇಳಿದ್ದೇನೆ. ಇಟ್ಕೋ ಎಂದರು, ಬೇಡಾಂದ್ರೆ ಬಿಸಾಕು ಎಂದರು. ಈ ಮಾತನ್ನು ಇಲ್ಲಿ ಒತ್ತಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ಅಪ್ಪ ಅದನ್ನು ಸುಮ್ಮನೆ ಕಟ್ಟಿಕೊಂಡ, ಚಂದಕ್ಕೆ. ಸಾಯಂಕಾಲ ಮನೆಗೆ ಬಂದು ನೋಡಿದರೆ ಓಡುತ್ತಿತ್ತು. ಮಾರನೆಯ ದಿನವೂ ಓಡಿತು, ಅದರ ಮಾರನೆಯ ದಿನವೂ. ಅಪ್ಪನಿಗೆ ದಿಗಿಲು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟಿದ್ದ ಸಾಬರಿಗೆ ತೋರಿಸಿದ. ಸಾಬರು ಬೆನ್ನು ಬಿಚ್ಚಿ ಒಳಗಿನ ಅರ್ಧಚಂದ್ರದ ತಗಡನ್ನು ತೋರಿಸಿದರಂತೆ. ಕೈ ಆಡಿದರೆ ಆ ತಗಡು ಗಿರ್ ಎಂದು ಸುತ್ತುತ್ತದೆ, ಅದು ಸುತ್ತಿದರೆ ಕೀ ತುಂಬುತ್ತದೆ. "ಇದಕ್ಕೆ ಏನೂ ಆಗಿಲ್ಲ ಮಾರಾಯ. ಕೈ ಆಡಿಸೋರು ಕಟ್ಕೋಬೇಕು, ಅಷ್ಟೇ. ನಿನ್ ಕೈ ಒಂದ್ ಗಳಿಗೆ ಸುಮ್ಕಿರಕಿಲ್ವಲ್ಲ, ಅದ್ಕೇ ಓಡ್ತೈತೆ" ಎಂದರಂತೆ.

ಮನೆಯಲ್ಲಿ ಇದನ್ನು ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಸಾಹುಕಾರರು ಬೆಳಿಗ್ಗೆ ಬಂಗಲೆಯ ಜಗಲಿಯಲ್ಲಿ ಆರಾಮಕುರ್ಚಿಗೆ ಒರಗಿದರೆ ಎದ್ದೇಳುತ್ತಿದ್ದದ್ದು ಊಟಕ್ಕೆ. ಕಾಫಿ ಲೋಟ ತರಲು ಒಬ್ಬರು, ಪೇಪರ್ ಮಡಿಸಿಡಲು ಒಬ್ಬರು, ಮಾತಿಗೆ ತಲೆ ಆಡಿಸಲು ಲೆಕ್ಕ ಬರೆಯುವ ರೈಟರು. ವಾಚು ಅರ್ಧ ದಿನ ಟೀಪಾಯಿಯ ಮೇಲೆ ಮಲಗಿರುತ್ತಿತ್ತು. ಆಟೋಮ್ಯಾಟಿಕ್ ಎಂದ ಮೇಲೆ ತಾವು ಏನೂ ಮಾಡಬೇಕಾಗಿಲ್ಲ, ಎಲ್ಲ ತಾನಾಗಿ ಆಗುತ್ತದೆ ಎಂದುಕೊಂಡಿದ್ದರು. ಅವರ ಮನೆಯಲ್ಲಿ ಎಲ್ಲವೂ ಹಾಗೆಯೇ ಆಗುತ್ತಿತ್ತು, ಪಾಪ, ಅವರಿಗಾದರೂ ಹೇಗೆ ಗೊತ್ತಾಗಬೇಕು.

ಮಳೆಗಾಲ ಕಳೆದು ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಜೀಪು ಮತ್ತೆ ಬಂತು. ಅಪ್ಪ ಪಾರ್ಸೆಲ್ ಎತ್ತಿ ಇಡುವಾಗ ಸಾಹುಕಾರರ ಕಣ್ಣು ವಾಚಿನ ಮೇಲೆ ಬಿತ್ತು. ಮುಖ ಅರಳಿತು.

"ಓಹೋ, ರಿಪೇರಿ ಆಯ್ತಲ್ಲ! ಎಷ್ಟು ತಗಂಡ ಹೇಳು, ಕೊಟ್ಬುಡ್ತೀನಿ" ಎಂದು ಕೈ ಚಾಚಿದರು.

"ರಿಪೇರಿ ಮಾಡ್ಸಿಲ್ಲ ಬುದ್ಧಿ. ಕಟ್ಕೊಂಡೆ, ಓಡ್ತು."

"ಸರಿ ಸರಿ, ಬಿಚ್ಚು."

"ಕೊಟ್ಟಿದ್ದಲ್ವಾ ಬುದ್ಧಿ" ಎಂದ ಅಪ್ಪ.

ದನಿ ಎತ್ತಿ ಹೇಳಿದ್ದಲ್ಲ. ಬುದ್ಧಿ ಎನ್ನುವುದನ್ನೂ ಬಿಡಲಿಲ್ಲ. ಆದರೆ ಬಿಚ್ಚಲಿಲ್ಲ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಜೀಪಿನೊಳಕ್ಕೆ ಹೋಯಿತು. ಇದನ್ನು ನಾನು ನೋಡಿದ್ದಲ್ಲ, ಅಪ್ಪ ಅಂದೇ ರಾಗಿಮುದ್ದೆ ಮುರಿಯುತ್ತಾ ಅವ್ವನಿಗೆ ಹೇಳಿದ್ದು.

ಆ ವಾರದಿಂದ ಎಸ್ಟೇಟಿನ ಪಾರ್ಸೆಲ್ಲುಗಳು ಅಪ್ಪನ ಮೂಲಕ ಬರುವುದು ನಿಂತಿತು. ಮಾತು ಮಾತ್ರ ಬಂತು. ಸಾಹುಕಾರರು ರಿಪೇರಿಗೆ ಅಂತ ಕೊಟ್ಟ ವಾಚನ್ನು ಏಜೆಂಟು ನುಂಗಿಬುಟ್ಟ ಎಂದು ಮೊದಲು ಜೀಪಿನ ಡ್ರೈವರು ಹೇಳಿದ, ಆಮೇಲೆ ಎದುರಿನ ಹೋಟೆಲಿನವರು ಗಲ್ಲಾದಲ್ಲಿ ಕೂತು ಹೇಳಿದರು, ಆಮೇಲೆ ಊರೇ ಹೇಳಿತು. ನನ್ನ ಕ್ಲಾಸಿನ ಹುಡುಗಿಯರು "ಟೈಮೆಷ್ಟೇ, ನಿಮ್ಮಪ್ಪನ್ನ ಕೇಳ್ಕೊಂಡು ಬಾ" ಎಂದು ಕಿಸಕ್ಕನೆ ನಗುತ್ತಿದ್ದರು. ನನ್ನ ಮದುವೆಯ ಮಾತುಕತೆಗೆ ಬಂದ ಗಂಡಿನ ಕಡೆಯವರಲ್ಲಿ ಒಬ್ಬರು ಅಪ್ಪನ ಮುಖ ಬಿಟ್ಟು ಮಣಿಕಟ್ಟನ್ನೇ ನೋಡುತ್ತಿದ್ದರು.

ನಾನು ಒಂದು ದಿನ ಸಿಡಿದೆ. "ಅದನ್ನ ತಗಂಡೋಗಿ ಅವ್ರ ಮುಖಕ್ಕೆ ಎಸ್ದು ಬಾರಪ್ಪ!" ಎಂದೆ.

ಅಪ್ಪ ವಾಚಿಗೆ ಅಂಟಿದ್ದ ಧೂಳನ್ನು ಪಂಚೆಯಲ್ಲಿ ಒರೆಸುತ್ತಿದ್ದ. "ವಾಪಸ್ ಕೊಟ್ರೆ ಕದ್ದಿದ್ದೆ ಅಂತಾಯ್ತದೆ ಕಣವ್ವ. ಕಟ್ಕೊಂಡೇ ಇರ್ತೀನಿ, ನೋಡ್ಲಿ" ಎಂದ.

ಕಟ್ಟಿಕೊಂಡೇ ಇದ್ದ. ಚಳಿಯಲ್ಲೂ ಅಂಗಿಯ ಎಡತೋಳನ್ನು ಮೊಣಕೈವರೆಗೆ ಮಡಿಸುತ್ತಿದ್ದ, ಎಲ್ಲರಿಗೂ ಕಾಣಲಿ ಎಂದು. ಜಡಿಮಳೆಯಲ್ಲಿ ತಲೆಗೆ ಏನೂ ಇಲ್ಲದಿದ್ದರೂ ವಾಚಿನ ಸುತ್ತ ಪ್ಲಾಸ್ಟಿಕ್ ಕವರ್ ಕಟ್ಟುತ್ತಿದ್ದ. ಚರ್ಮದ ಪಟ್ಟಿ ಬೆವರಿಗೆ ಕೊಳೆತು ಕಿತ್ತು ಬಂದಾಗ, ಆಗ ತಾನೇ ಹೊಲಿಗೆ ಕಲಿಯುತ್ತಿದ್ದ ನಾನು ಹಳೆಯ ಬಸ್ಸೊಂದರ ಸೀಟಿನ ಕಂದು ರೆಕ್ಸಿನ್ ಕತ್ತರಿಸಿ ಎರಡು ಪದರ ಮಾಡಿ ಪಟ್ಟಿ ಹೊಲಿದುಕೊಟ್ಟೆ. ಫಾರಿನ್ ವಾಚಿಗೆ ಬಸ್ ಸೀಟಿನ ಪಟ್ಟಿ. ಅಪ್ಪ ಅದನ್ನು ಡ್ರೈವರುಗಳಿಗೆಲ್ಲ ತೋರಿಸಿ ಬಂದ.

ಒಂದು ಸುಳ್ಳನ್ನು ಮಾತ್ರ ಅಪ್ಪ ಆ ವಾಚಿನಿಂದ ದಿನಾ ಹೇಳಿಸುತ್ತಿದ್ದ. ಏಲಕ್ಕಿ ಮಂಡಿಯಲ್ಲಿ ಏಲಕ್ಕಿ ಆರಿಸುವ ಹೆಂಗಸರಿಗೆ ಸಾಯಂಕಾಲ ಬಿಡುವುದೇ ತಡವಾಗುತ್ತಿತ್ತು. ಹೆತ್ತೂರಿನ ಕೊನೆಯ ಬಸ್ಸು ತಪ್ಪಿದರೆ ಅವರಿಗೆ ಬೇರೆ ದಾರಿಯಿರಲಿಲ್ಲ. ಡ್ರೈವರು ಎಂಜಿನ್ ಶುರು ಮಾಡಿ "ಟೈಮಾಯ್ತು ಕಣಣ್ಣ" ಎಂದು ಅವಸರ ಮಾಡಿದರೆ, ಅಪ್ಪ ಮಣಿಕಟ್ಟು ಎತ್ತಿ ನೋಡಿ, ನಿಧಾನವಾಗಿ "ನನ್ ವಾಚಲ್ಲಿ ಇನ್ನೂ ಆಗಿಲ್ಲ ಕಣೋ" ಎನ್ನುತ್ತಿದ್ದ. ಎಲ್ಲರ ವಾಚಿನಲ್ಲೂ ಆಗಿರುತ್ತಿತ್ತು. ಡ್ರೈವರು ಬೈದುಕೊಂಡು ಎಂಜಿನ್ ಆಫ್ ಮಾಡುತ್ತಿದ್ದ. ಹೆಂಗಸರು ಸೆರಗು ಸಿಕ್ಕಿಸಿಕೊಂಡು, ಮೈಯೆಲ್ಲ ಏಲಕ್ಕಿ ವಾಸನೆಯೊಂದಿಗೆ ಓಡಿ ಬಂದು ಹತ್ತಿದ ಮೇಲೆ ಧಡ್ ಧಡ್. ಅಪ್ಪನನ್ನು ಕಳ್ಳ ಎಂದ ಊರು ಈ ಒಂದು ವಿಷಯಕ್ಕೆ ಸುಳ್ಳ ಎಂದು ಯಾವತ್ತೂ ಅನ್ನಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲದಲ್ಲಿ ಎದೆನೋವು ಎಂದು ಮಲಗಿದ ಅಪ್ಪ ಏಳಲಿಲ್ಲ. ಸಾಹುಕಾರರು ಅದಕ್ಕೂ ಮೊದಲೇ ಹೋಗಿದ್ದರು. ಇಬ್ಬರೂ ಹೋದ ಮೇಲೂ ಮಾತು ಹೋಗಲಿಲ್ಲ. ಅಪ್ಪನ ತಿಥಿಯ ದಿನ ಊಟದ ಸಾಲಿನಲ್ಲೇ ಯಾರೋ "ಆ ವಾಚು ಏನಾಯ್ತು?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಬಡಿಸುತ್ತಿದ್ದ ಸೌಟನ್ನು ಅವರ ತಲೆಯ ಮೇಲೆ ಹಾಕಬೇಕೆನಿಸಿತು. ಹಾಕಲಿಲ್ಲ, ಪಾಯಸ ಮಾತ್ರ ಅವರ ಎಲೆಗೆ ಎರಡನೇ ಸಲ ಹೋಗಲಿಲ್ಲ.

ವಾಚನ್ನು ನಾನೇ ಕಟ್ಟಿಕೊಂಡೆ. ಗಂಡಸರ ವಾಚು, ಬಳೆಯ ಜೊತೆ ತಾಕಿ ಟಿಂಗ್ ಟಿಂಗ್ ಎನ್ನುತ್ತಿತ್ತು. ಕಟ್ಟಿಕೊಂಡ ಎರಡನೆಯ ದಿನವೇ ನಿಂತುಹೋಯಿತು. ಟೈಲರ್ ಕೆಲಸದಲ್ಲಿ ಮೆಷಿನ್ ತುಳಿಯುವುದು ಕಾಲು. ಕೈ ಬಟ್ಟೆಯ ಮೇಲೆ ಮೆಲ್ಲಗೆ ಸರಿಯುತ್ತದೆ, ಅಷ್ಟೇ. ಸಾಹುಕಾರರನ್ನು ನೋಡಿ ನಕ್ಕವಳ ಕೈಯಲ್ಲೂ ಅದು ಓಡಲಿಲ್ಲ ಎಂದು ನನಗೆ ಅವಮಾನವಾಯಿತು. ಬಿಚ್ಚಿ ಗುಂಡಿ ಡಬ್ಬಿಯೊಳಗೆ ಇಟ್ಟೆ. ಗುಂಡಿ ಹುಡುಕುವಾಗಲೆಲ್ಲ ಕೈಗೆ ಸಿಗುತ್ತಿತ್ತು. ಅಲುಗಿಸಿದರೆ ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತಿತ್ತು. ಅದನ್ನು ಹಾಗೆ ನೋಡುವುದು ನನಗೆ ಆಗುತ್ತಿರಲಿಲ್ಲ.

ಎರಡು ಸಾವಿರದ ಈಚೆಗೆ ನಮ್ಮ ಕಡೆ ಹೋಮ್‌ಸ್ಟೇಗಳು ಶುರುವಾದವು. ಕಾಫಿ ರೇಟು ಬಿದ್ದಿತ್ತು. ಬಂಗಲೆಗಳಿಗೆ ಸುಣ್ಣಬಣ್ಣ ಹೊಡೆದು ಬೆಂಗಳೂರಿನವರನ್ನು ಕರೆಯತೊಡಗಿದರು. ಹಾಗೆ ಬಂದವರು ಹಳೆಯ ಸಾಮಾನು ಸಿಗುತ್ತದೆಯೇ ಎಂದು ಪೇಟೆಯಲ್ಲೂ ತಿರುಗುತ್ತಿದ್ದರು. ಒಂದು ಮಧ್ಯಾಹ್ನ ವಾಚ್ ಅಂಗಡಿಯ ಸಾಬರು, ಆಗ ಅವರಿಗೆ ವಯಸ್ಸಾಗಿತ್ತು, ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. "ಹಳೇ ವಾಚು ಕೂಡಿಡೋರು ಇಬ್ರು ಬಂದವ್ರಮ್ಮ. ದುಡ್ಡಿರೋ ಜನ. ನಿಮ್ಮಪ್ಪಂದು ತೋರ್ಸಿ ನೋಡು. ಡಬ್ಬೀಲಿಟ್ರೆ ಎಣ್ಣೆ ಒಣಗೋಗ್ತದೆ" ಎಂದರು.

ಅವರ ಅಂಗಡಿಯಲ್ಲೇ ತೋರಿಸಿದೆ. ಬಂದವರಲ್ಲಿ ಒಬ್ಬರು ಕನ್ನಡಕದ ಹಿರಿಯರು, ಇನ್ನೊಬ್ಬ ಅವರ ಸ್ನೇಹಿತ, ಕಿರಿಯ. ಹಿರಿಯರು ಕಣ್ಣಿಗೆ ಕಪ್ಪು ಕೊಳವೆಯ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಬಿಳಿಯಾಗಿದ್ದ ವಾಚಿನ ಮುಖ ವರ್ಷಗಳ ಬಿಸಿಲಿಗೆ ಹಾಲು ಕಮ್ಮಿ ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ರೇಟು ಕಡಿಮೆ ಮಾಡುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಅದೇ ಇಷ್ಟವಾಯಿತು. "ಹೊಸದು ಮಾಡ್ಸೋಕೆ ಹೋಗಿಲ್ಲವಲ್ಲ, ಪುಣ್ಯ" ಎಂದರು. ಮೆಷಿನ್ನು ಬರುವಷ್ಟು ಬೆಲೆ ಹೇಳಿದರು. ಆಮೇಲೆ, "ಇದು ಯಾರದಮ್ಮ?" ಎಂದರು.

"ನಮ್ಮಪ್ಪಂದು."

ಅಲ್ಲಿಗೆ ಮುಗಿಯಬೇಕಿತ್ತು. ಸಾಬರಿಗೆ ವ್ಯಾಪಾರ ಇನ್ನೂ ಕುದುರಲಿ ಎಂಬ ಆಸೆ. "ಮೊದ್ಲು ದೊಡ್ಡ ಎಸ್ಟೇಟ್ ಸಾಹುಕಾರ್ರದು ಸಾರ್" ಎಂದು ಸೇರಿಸಿ, ಎಸ್ಟೇಟಿನ ಹೆಸರನ್ನೂ ಹೇಳಿಬಿಟ್ಟರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರು ಇಳಿದುಕೊಂಡಿದ್ದದ್ದು ಅದೇ ಬಂಗಲೆಯಲ್ಲಿ. ಅದರಲ್ಲಿ ದೊಡ್ಡ ಆಶ್ಚರ್ಯವೇನಿಲ್ಲ, ಆಗ ಆ ಕಡೆ ಇದ್ದ ಹೋಮ್‌ಸ್ಟೇಗಳೇ ಕೆಲವು.

ಮಾರನೆಯ ದಿನ ಅವರು, ವ್ಯಾಪಾರ ಬಂಗಲೆಯಲ್ಲೇ ಮುಗಿಸೋಣ ಎಂದು ಹೇಳಿ ಕಳಿಸಿದರು, ಕಾರೂ ಕಳಿಸಿದರು. ಸಾಬರೂ ನಾನೂ ವಾಚು ತೆಗೆದುಕೊಂಡು ಹೋದೆವು. ನನ್ನ ಮನೆಯವರು ಲಾರಿಯಲ್ಲಿ ಮಂಗಳೂರಿಗೆ ಹೋಗಿದ್ದರು. ಅವರಿದ್ದಿದ್ದರೆ ಹೋಗಬೇಡ ಎನ್ನುತ್ತಿದ್ದರು, ನಾನು ಆಗಲೂ ಹೋಗುತ್ತಿದ್ದೆ. ಜಗಲಿಯಲ್ಲಿ ಆ ಆರಾಮಕುರ್ಚಿ ಇನ್ನೂ ಇತ್ತು. ಪಾಲಿಶ್ ಮಾಡಿಸಿ, ಯಾರೂ ಕೂರಬಾರದೆಂದು ಹಗ್ಗ ಕಟ್ಟಿದ್ದರು. ಮೇಲೆ ಗೋಡೆಯಲ್ಲಿ ಸಾಹುಕಾರರ ಫೋಟೋ.

ಈಗಿನ ಮಾಲೀಕ ಸಾಹುಕಾರರ ಮೊಮ್ಮಗ. ನನಗಿಂತ ಚಿಕ್ಕವನು, ಓದಿದವನು, ನಯವಾಗಿ ಮಾತಾಡುವವನು. ಎದ್ದು ನಿಂತು ನನಗೆ ಕುರ್ಚಿ ತೋರಿಸಿದ. ಕಾಫಿ ತರಿಸಿದ. ವಾಚನ್ನು ಕೈಯಲ್ಲಿ ಹಿಡಿದು, "ಅಜ್ಜ ಇದನ್ನ ತುಂಬ ನೆನಪು ಮಾಡ್ಕೊಳ್ತಿದ್ರು ಅಕ್ಕ. ರಿಪೇರಿಗೆ ಅಂತ ನಿಮ್ಮ ತಂದೆ ಕೈಲಿ ಕೊಟ್ಟಿದ್ರಂತೆ" ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೈ ಅಡ್ಡ ಮಾಡಿ ನಕ್ಕ. "ಅದೆಲ್ಲ ಹಳೇ ಮಾತು. ನಾವು ಯಾವತ್ತೋ ಮರೆತಿದೀವಿ. ನನಗೆ ದುಡ್ಡೂ ಬೇಡ, ಪೂರ್ತಿ ನೀವೇ ತಗೊಳ್ಳಿ. ಇದು ನಮ್ಮ ಮನೆತನದ ವಾಚು, ಏಜೆಂಟರು ಇಷ್ಟು ವರ್ಷ ಜೋಪಾನವಾಗಿ ಇಟ್ಟಿದ್ರು ಅಂತ ಒಂದು ಪತ್ರ ಬರ್ಕೊಡ್ತೀನಿ. ಅಜ್ಜನ ಫೋಟೋನೂ ಕೊಡ್ತೀನಿ. ನಿಮ್ಮದೊಂದು ಸೈನ್ ಸಾಕು."

ಕಿರಿಯ ಸ್ನೇಹಿತ ಕೂಡಲೇ, ಹಾಗಾದರೆ ನಿನ್ನೆ ಹೇಳಿದ ಬೆಲೆಗಿಂತ ಎಷ್ಟೋ ಹೆಚ್ಚು ಕೊಡಬಹುದು, ಮನೆತನದ ಕಥೆ ಇರುವ ವಾಚಿನ ಬೆಲೆಯೇ ಬೇರೆ ಎಂದ. ಸಾಬರು ಮೇಜಿನ ಕೆಳಗೆ ನನ್ನ ಕಾಲು ತುಳಿದರು, ಒಪ್ಪಿಕೋ ಎಂದು.

ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಕದ್ದ ಎಂದಿದ್ದರೆ ಕದ್ದಿಲ್ಲ ಎಂದು ಕೂಗಬಹುದಿತ್ತು. ಈತ ನಗುನಗುತ್ತಾ ಕ್ಷಮಿಸುತ್ತಿದ್ದ. ಮಾಡದ ತಪ್ಪಿಗೆ ಕ್ಷಮೆಯನ್ನು ಬಿಸಿ ಕಾಫಿಯ ಜೊತೆ ಕೊಡುತ್ತಿದ್ದ. ಅದಕ್ಕೆ ನಾನು ಸೈನ್ ಮಾಡಬೇಕಿತ್ತು. ಅಪ್ಪ ತೋಳು ಮಡಿಸಿಕೊಂಡು ವರ್ಷಗಟ್ಟಲೆ ಮಳೆಯಲ್ಲಿ ನಿಂತದ್ದೆಲ್ಲ ಆ ಒಂದು ಸೈನಿನಲ್ಲಿ ತೊಳೆದುಹೋಗುತ್ತಿತ್ತು.

"ನಿಮ್ಮಜ್ಜ ಬಿಚ್ಚಿ ಕೊಟ್ಟಾಗ ನಾನು ಅಲ್ಲೇ ನಿಂತಿದ್ದೆ" ಎಂದೆ. "ಇಟ್ಕೋ, ಬೇಡಾಂದ್ರೆ ಬಿಸಾಕು ಅಂದ್ರು. ಅವ್ರು ಬಿಸಾಕಿದ್ದು ಯಾಕೆ ಗೊತ್ತಾ? ದಿನಾ ನಿಲ್ತಿತ್ತು ಅಂತ."

"ಹೌದು ಹೌದು, ಅಜ್ಜ ಹೇಳ್ತಿದ್ರು, ಕೈಗೆ ಕಟ್ಟಿದ್ರೂ ನಿಲ್ತಿತ್ತಂತೆ. ಅದಕ್ಕೇ ರಿಪೇರಿಗೆ..." ಎಂದ ಮೊಮ್ಮಗ.

ಕನ್ನಡಕದ ಹಿರಿಯರು ಅಲ್ಲಿಯವರೆಗೆ ಸುಮ್ಮನಿದ್ದವರು, ಹಗ್ಗ ಕಟ್ಟಿದ ಆರಾಮಕುರ್ಚಿಯನ್ನು ಒಮ್ಮೆ ನೋಡಿದರು, ಫೋಟೋ ಒಮ್ಮೆ ನೋಡಿದರು. ಮೀಸೆಯೊಳಗೆ ನಗು ತಡೆದುಕೊಂಡದ್ದು ನನಗೆ ಕಾಣಿಸಿತು.

ನಾನು ಮೊಮ್ಮಗನ ಕೈಯಿಂದ ವಾಚನ್ನು ತೆಗೆದುಕೊಂಡೆ. ಕಿತ್ತುಕೊಂಡೆ ಎಂದರೂ ಸರಿಯೇ. "ನಾನು ಇದನ್ನ ಈ ಮನೇಲಿ ಮಾರಲ್ಲ" ಎಂದೆ. "ಇಲ್ಲಿ ಕೊಟ್ರೆ ವಾಪಸ್ ಕೊಟ್ಟಂಗಾಯ್ತದೆ. ಬೇಕಾದ್ರೆ ಬಸ್ ಸ್ಟ್ಯಾಂಡಿಗೆ ಬನ್ನಿ. ನಮ್ಮಪ್ಪ ನಿಲ್ತಿದ್ದ ಜಾಗದಲ್ಲಿ, ಎಲ್ರ ಮುಂದೆ ಮಾರ್ತೀನಿ. ಮೊದ್ಲು ಹೇಳಿದ ಬೆಲೆಗೇ. ಪತ್ರನೂ ಇಲ್ಲ, ಫೋಟೋನೂ ಇಲ್ಲ."

ಕಾಫಿ ಮುಟ್ಟದೆ ಹೊರಟೆ. ವಾಪಸ್ ಬರುವಾಗ ಅವರ ಕಾರೂ ಬೇಡವೆಂದು ಗೇಟಿನ ಹತ್ತಿರ ಬಸ್ಸಿಗೆ ಕಾದೆ. ಸಾಬರು ದಾರಿಯುದ್ದಕ್ಕೂ ಬೈದರು. "ನಿಮ್ಮಪ್ಪನೇ ವಾಸಿ ಕಣಮ್ಮ, ಬುದ್ಧಿ ಅಂತಾದ್ರೂ ಅಂತಿದ್ದ. ಬಂದ ಲಕ್ಷ್ಮೀನ ಒದ್ಬುಟ್ಟಲ್ಲ" ಎಂದರು. ಅಂಗಡಿಗೆ ಬಂದು ಹಳೆಯ ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಓವರ್‌ಲಾಕ್ ಇಲ್ಲದೆಯೂ ಇಷ್ಟು ವರ್ಷ ಬದುಕಿರಲಿಲ್ಲವೇ, ಇನ್ನಷ್ಟು ವರ್ಷ ಬದುಕಿದರಾಯಿತು ಎಂದುಕೊಂಡೆ. ಆದರೂ ಅವತ್ತು ರಸ್ತೆಯಲ್ಲಿ ಕಾರಿನ ಸದ್ದಾದಾಗಲೆಲ್ಲ ಕತ್ತು ತಿರುಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ.

ಅವರು ಬೆಂಗಳೂರಿಗೆ ಹೊರಡುವ ದಿನ ಸಾಯಂಕಾಲ ಹಿರಿಯರು ಒಬ್ಬರೇ ಬಂದರು. ಸ್ನೇಹಿತ ಕಾರಿನಲ್ಲೇ ಮುಖ ಗಂಟಿಕ್ಕಿ ಕೂತಿದ್ದ. "ಎಲ್ಲಮ್ಮ ನಿಮ್ಮ ತಂದೆ ನಿಲ್ತಿದ್ದದ್ದು?" ಎಂದು ಕೇಳಿದರು.

ಕರೆದುಕೊಂಡು ಹೋಗಿ ತೋರಿಸಿದೆ. ಹೆತ್ತೂರಿನ ಕೊನೆಯ ಬಸ್ಸು ನಿಂತಿತ್ತು. ಡ್ರೈವರು ಅಪ್ಪನ ಕಾಲದವನೇ, ತಲೆ ನರೆತಿತ್ತು. ನಾನು ಬೇಕೆಂದೇ ದೊಡ್ಡ ದನಿಯಲ್ಲಿ ಮಾತಾಡಿದೆ. ಹಮಾಲಿಗಳು ಬಂದರು, ಕಡಲೆಕಾಯಿ ಮಾರುವವಳು ಬಂದಳು, ಎದುರಿನ ಹೋಟೆಲಿನವರು ಗಲ್ಲಾ ಬಿಟ್ಟು ಬಾಗಿಲಿಗೆ ಬಂದರು. ಸಾಬರೂ ಬಂದು ದೂರದಲ್ಲಿ ನಿಂತರು.

"ಇದು ಇವ್ರು ತಗೊಳ್ತಾ ಇರೋ ವಾಚು. ನಮ್ಮಪ್ಪಂದು. ಮಾರ್ತಿರೋಳು ಅವ್ನ ಮಗಳು" ಎಂದೆ, ಹೋಟೆಲಿನವರ ಮುಖ ನೋಡಿಕೊಂಡೇ.

ಹಿರಿಯರು ಜೇಬಿನಿಂದ ಸಣ್ಣ ರಟ್ಟಿನ ಚೀಟಿ ತೆಗೆದರು. "ನನ್ನ ಪ್ರತಿ ವಾಚಿನ ಜೊತೆಗೂ ಇಂಥದ್ದೊಂದು ಇಡ್ತೀನಮ್ಮ. ಏನಂತ ಬರೀಲಿ?"

ನಾನು ಹೇಳಿದೆ: "ಹೆತ್ತೂರು ಬಸ್ಸಿನ ಏಜೆಂಟರ ವಾಚು ಅಂತ ಬರೀರಿ. ಸಾಹುಕಾರರ ಕೈಯಲ್ಲಿ ನಿಂತಿತ್ತು, ಏಜೆಂಟರ ಕೈಯಲ್ಲಿ ಓಡ್ತು ಅಂತ ಬರೀರಿ. ಅಷ್ಟು ಸಾಕು."

ಯಾರೋ ಕಿಸಕ್ಕನೆ ನಕ್ಕರು. ಈ ಸಲ ಆ ನಗು ನಮ್ಮ ಕಡೆಯದಾಗಿತ್ತು. ಹಿರಿಯರು ಬಸ್ಸಿನ ಬಾಗಿಲ ಪಕ್ಕ ರಟ್ಟನ್ನು ಒತ್ತಿ ಹಿಡಿದು ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದರು. ಹೋಟೆಲಿನವರು ಹತ್ತಿರ ಬಂದು ಓದಿದರು. ಬಹಳ ಹೊತ್ತು ಓದಿದರು. "ಸರಿಯಾಗೈತೆ, ಸಾರ್" ಎಂದರು. ಅಷ್ಟು ವರ್ಷ ಗಲ್ಲಾದಲ್ಲಿ ಕೂತು ಆಡಿದ ಮಾತಿಗೆ ಅದು ಸಾಲದು. ಆದರೂ ನನಗೆ ಎದೆ ಹಗುರಾಯಿತು.

ದುಡ್ಡು ಕೈಗೆ ಬಂತು. ಪಟ್ಟಿ ಬದಲಿಸಬಾರದು ಎಂದೆ, ಆಗಲಿ ಎಂದರು. ಬದಲಿಸಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ವಾಚನ್ನು ಕಟ್ಟಿಕೊಂಡು, ಮಗುವನ್ನು ತೂಗುವ ಹಾಗೆ ಕೈಯನ್ನು ಮೆಲ್ಲಗೆ ಆಡಿಸಿದರು. ಅದನ್ನು ನೋಡಿ ನನಗೆ ತಡೆಯ­ಲಾಗಲಿಲ್ಲ.

"ಹಂಗಲ್ಲ ಸಾರ್" ಎಂದು ಅವರ ಎಡಗೈ ಹಿಡಿದು ಬಸ್ಸಿನ ಮೈಮೇಲೆ ಬಡಿಸಿದೆ. ಧಡ್ ಧಡ್.

ಬಸ್ಸು ಹೊರಟುಬಿಟ್ಟಿತು.

ಡ್ರೈವರು ತಿರುಗಿಯೂ ನೋಡಿರಲಿಲ್ಲ. ಎರಡು ಏಟು ಬಿತ್ತು, ಎತ್ತಿದ. ಕಂಡಕ್ಟರು ಇನ್ನೂ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ, ಲೋಟ ಹಿಡಿದುಕೊಂಡೇ ಓಡಿ ಬಂದ. ಹಿರಿಯರು ಗಾಬರಿಯಾಗಿ ನನ್ನನ್ನೂ ತಮ್ಮ ಕೈಯನ್ನೂ ನೋಡುತ್ತಿದ್ದರು. ಎಲ್ಲರೂ ಗೊಳ್ ಎಂದು ನಗುತ್ತಿರುವಾಗ ಮಂಡಿಯ ರಸ್ತೆಯ ತಿರುವಿನಲ್ಲಿ ಏಲಕ್ಕಿ ಆರಿಸುವ ಹೆಂಗಸರು ಕಾಣಿಸಿದರು. ಬಸ್ಸು ಚಲಿಸಿದ್ದು ನೋಡಿ ಸೆರಗು ಸಿಕ್ಕಿಸಿಕೊಂಡು "ಹೋಯ್, ಹೋಯ್" ಎನ್ನುತ್ತಾ ಓಡಿ ಬರುತ್ತಿದ್ದರು.

ನಾನೂ ಬಸ್ಸಿನ ಹಿಂದೆ ಓಡಿದೆ. ಸಿಕ್ಕಿದ ಕಡೆ ಒಂದೇ ಏಟು ಬಲವಾಗಿ ಹೊಡೆದೆ. ಬಸ್ಸು ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏನಕ್ಕಾ ಇದು, ರೈಟ್ ಅಂತೀರ, ನಿಲ್ಲು ಅಂತೀರ! ಟೈಮಾಯ್ತು ಕಣಕ್ಕ!"

ಯೋಚಿಸಿ ಮಾಡಿದ್ದಲ್ಲ. ಎಡಗೈ ತಾನಾಗಿ ಮೇಲೆ ಹೋಯಿತು. ಮಣಿಕಟ್ಟನ್ನು ಕಣ್ಣಿನ ಹತ್ತಿರ ತಂದು ನೋಡಿದೆ.

"ನನ್ ವಾಚಲ್ಲಿ ಇನ್ನೂ ಆಗಿಲ್ಲ ಕಣೋ" ಎಂದೆ.

ಎರಡು ಗಾಜಿನ ಬಳೆ ಬಿಟ್ಟರೆ ಆ ಕೈಯಲ್ಲಿ ಏನೂ ಇರಲಿಲ್ಲ. ಡ್ರೈವರು ನನ್ನ ಬರಿಯ ಮಣಿಕಟ್ಟನ್ನು ನೋಡಿದ. ನನ್ನ ಮುಖ ನೋಡಿದ. ಆಮೇಲೆ ಏನೋ ಬೈದುಕೊಂಡು ಎಂಜಿನ್ ಆಫ್ ಮಾಡಿದ.